ಹೊಗಳಿದರೆ ಕಸಿವಿಸಿ, ಥೆರಪಿಸ್ಟ್ ಮೇಲೆ ಸಿಟ್ಟು: ಸೈಕೋಡೈನಮಿಕ್ ಚಿಕಿತ್ಸೆ ಬಿಟ್ಟುಬಿಡಲೇ?

ಪ್ರಶ್ನೆ: ನನಗೆ 33 ವರ್ಷ. ಹತ್ತು ವರ್ಷಗಳಲ್ಲಿ ಐದು ಕೆಲಸ ಬದಲಿಸಿದ್ದೇನೆ. ಎಲ್ಲ ಕಡೆಯೂ ಒಂದೇ ಕಥೆ. ಮೊದಲ ಕೆಲವು ತಿಂಗಳು ಚೆನ್ನಾಗಿ ದುಡಿಯುತ್ತೇನೆ, ಮೇಲಿನವರು ಮೆಚ್ಚುತ್ತಾರೆ, ಹೆಚ್ಚಿನ ಜವಾಬ್ದಾರಿ ಕೊಡುತ್ತಾರೆ. ಕಸಿವಿಸಿ ಶುರುವಾಗುವುದೇ ಅಲ್ಲಿಂದ. ತಡವಾಗಿ ಹೋಗುತ್ತೇನೆ, ಸಣ್ಣಪುಟ್ಟ ತಪ್ಪು ಮಾಡುತ್ತೇನೆ, ಕೊನೆಗೆ ಯಾವುದೋ ಕ್ಷುಲ್ಲಕ ಮಾತಿಗೆ ಜಗಳವಾಡಿ ಬಿಟ್ಟು ಬರುತ್ತೇನೆ. ಎರಡು ಪ್ರೇಮ ಸಂಬಂಧಗಳೂ ಹೀಗೆಯೇ ಮುರಿದುಬಿದ್ದವು. ಎಂಟು ತಿಂಗಳಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಿದ್ದೆ, ಹಸಿವು ಸುಧಾರಿಸಿವೆ, ಆದರೆ ಈ ಚಾಳಿ ಹೋಗಿಲ್ಲ. ಒಳಮನಸ್ಸಿನ ಭಾವನೆಗಳನ್ನೂ ಹಳೆಯ ಸಂಬಂಧಗಳ ಜಾಡನ್ನೂ ಮಾತಿನ ಮೂಲಕ ಹುಡುಕುವ ಸೈಕೋಡೈನಮಿಕ್ ಥೆರಪಿಗೆ ಸೇರಿ ಏಳು ಸೆಷನ್ ಆಗಿವೆ. ಥೆರಪಿಸ್ಟ್ ಹೆಚ್ಚು ಮಾತಾಡುವುದಿಲ್ಲ, ಸಲಹೆಯನ್ನೂ ಕೊಡುವುದಿಲ್ಲ. ಹೋದ ಸಲ ನಾನು ಮಾತಾಡುತ್ತಿರುವಾಗಲೇ ಗಡಿಯಾರ ನೋಡಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಏನೂ ಹೇಳದೆ ಮನೆಗೆ ಬಂದು ಅತ್ತೆ. ಮುಂದಿನ ಸೆಷನ್ ರದ್ದು ಮಾಡಿದ್ದೇನೆ. ಈ ಪದ್ಧತಿಯ ಮೂಲಪುರುಷ ಫ್ರಾಯ್ಡ್‌ನ ಸಿದ್ಧಾಂತವೆಲ್ಲ ಸುಳ್ಳೆಂದು ಸಾಬೀತಾಗಿದೆ ಎಂದು ಓದಿದೆ. ಅಪ್ಪ ಅಮ್ಮ ನನ್ನನ್ನು ಚೆನ್ನಾಗಿಯೇ ಬೆಳೆಸಿದರು. ಅವರನ್ನು ದೂರುವುದು ನನಗಿಷ್ಟವಿಲ್ಲ. ಬಾಲ್ಯದಲ್ಲಿ ದೊಡ್ಡ ಆಘಾತ ಆದ ನೆನಪೂ ಇಲ್ಲ. ಮರೆತಿರಬಹುದೇ? ಹಿಪ್ನಾಟಿಸಂ ಮಾಡಿಸಿ ಹೊರತೆಗೆಯಬೇಕೇ? ಇದನ್ನು ಬಿಟ್ಟು, ಯೋಚನೆ ಮತ್ತು ನಡವಳಿಕೆಯನ್ನು ನೇರವಾಗಿ ತಿದ್ದುವ ಸಿಬಿಟಿ ಚಿಕಿತ್ಸೆಗೆ ಹೋಗಲೇ? ಮಾತ್ರೆ ನಿಲ್ಲಿಸಿದರೆ ಥೆರಪಿ ಚೆನ್ನಾಗಿ ಕೆಲಸ ಮಾಡುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಈ ಪದ್ಧತಿಯನ್ನು ನಂಬಬಹುದೇ ಎನ್ನುವುದು ಒಂದು. ಆ ಕೋಣೆಯಲ್ಲಿ ನಿಮಗೆ ಆಗುತ್ತಿರುವುದು ಚಿಕಿತ್ಸೆಯೋ ಹಾನಿಯೋ ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರಿಸುತ್ತೇನೆ. ಅದಕ್ಕೂ ಮೊದಲು ಹೇಳಲೇಬೇಕಾದ್ದು: ಇನ್ನೊಂದು ಸಲವಾದರೂ ಅವರಲ್ಲಿಗೆ ಹೋಗಿ. ಬಿಡುವ ಮನಸ್ಸಿದ್ದರೆ ಎದುರು ಕೂತು ಹೇಳಿಯೇ ಬಿಡಿ. ನೀವು ವಿವರಿಸಿದ ಸಮಸ್ಯೆಗೂ ನೀವು ರದ್ದು ಮಾಡಿದ ಸೆಷನ್ನಿಗೂ ಹತ್ತಿರದ ನಂಟಿದೆ.

ಫ್ರಾಯ್ಡ್‌ನಲ್ಲಿ ಉಳಿದದ್ದು, ಅಳಿದದ್ದು

ಸಿಗ್ಮಂಡ್ ಫ್ರಾಯ್ಡ್ (1856–1939) ಹೇಳಿದ್ದರಲ್ಲಿ ಸಾಕಷ್ಟು ಭಾಗ ಇವತ್ತು ನಿಲ್ಲುವುದಿಲ್ಲ. ಮಗುವಿನ ಬೆಳವಣಿಗೆಯೆಂದರೆ ಲೈಂಗಿಕ ಹಂತಗಳನ್ನು ಒಂದೊಂದಾಗಿ ದಾಟುವುದು ಎಂಬ ಲೆಕ್ಕ, ಈಡಿಪಸ್ ಸಂಕೀರ್ಣ (ಮಗುವಿಗೆ ತಂದೆತಾಯಿಯಲ್ಲಿ ಒಬ್ಬರತ್ತ ಸೆಳೆತ, ಇನ್ನೊಬ್ಬರೊಂದಿಗೆ ಪೈಪೋಟಿ) ಎಲ್ಲ ಕಾಲಕ್ಕೂ ಎಲ್ಲ ಸಮಾಜಕ್ಕೂ ಒಂದೇ ಎಂಬ ಹಟ, ಹೆಣ್ಣಿನ ಮನಸ್ಸಿನ ಬಗ್ಗೆ ಆತ ಬರೆದದ್ದರಲ್ಲಿ ಬಹುಪಾಲು, ಇವನ್ನೆಲ್ಲ ಕೈಬಿಡಲಾಗಿದೆ ಅಥವಾ ಗುರುತು ಸಿಗದಷ್ಟು ತಿದ್ದಲಾಗಿದೆ. ಹಾಗೆ ತಿದ್ದಿದವರು ಹೊರಗಿನ ಟೀಕಾಕಾರರಷ್ಟೇ ಅಲ್ಲ. ಮೆಲನಿ ಕ್ಲೈನ್, ಡೊನಾಲ್ಡ್ ವಿನಿಕಾಟ್, ಜಾನ್ ಬೌಲ್ಬಿ, ಹೈಂಜ್ ಕೋಹುಟ್ ಎಲ್ಲರೂ ಇದೇ ಪರಂಪರೆಯೊಳಗಿದ್ದೇ ಅದನ್ನು ಬದಲಿಸಿದರು. ಕಾಮ, ಆಕ್ರಮಣಗಳ ತಳ್ಳಾಟಕ್ಕಿದ್ದ ಒತ್ತು ನಿಧಾನಕ್ಕೆ ಮಗುವಿಗೂ ಅದನ್ನು ನೋಡಿಕೊಂಡವರಿಗೂ ನಡುವಿನ ಸಂಬಂಧದ ಕಡೆಗೆ ಸರಿಯಿತು. ಇವತ್ತು ನಿಮ್ಮ ಥೆರಪಿಸ್ಟ್ ಮಾಡುತ್ತಿರುವುದು 1900ರ ವಿಯೆನ್ನಾದ ಮನೋವಿಶ್ಲೇಷಣೆಯಲ್ಲ. ಮಂಚದ ಮೇಲೆ ಮಲಗಿ ವಾರಕ್ಕೆ ಮೂರರಿಂದ ಐದು ಸಲ ಮಾತಾಡುವುದು ಮನೋವಿಶ್ಲೇಷಣೆ. ಎದುರುಬದುರು ಕೂತು ವಾರಕ್ಕೆ ಒಂದು ಅಥವಾ ಎರಡು ಸಲ, 45–50 ನಿಮಿಷ ಮಾತಾಡುವುದು ಸೈಕೋಡೈನಮಿಕ್ ಥೆರಪಿ.

ಉಳಿದದ್ದೇನು? ಮನಶ್ಶಾಸ್ತ್ರಜ್ಞ ಡ್ರೂ ವೆಸ್ಟನ್ 1998ರಲ್ಲಿ ಆವರೆಗಿನ ಸಂಶೋಧನೆಗಳನ್ನು ಜಾಲಾಡಿ ಐದು ಅಂಶಗಳನ್ನು ಎತ್ತಿ ತೋರಿಸಿದರು. ನಮ್ಮ ಯೋಚನೆ, ಭಾವನೆ, ಉದ್ದೇಶಗಳಲ್ಲಿ ಬಹಳಷ್ಟು ನಮ್ಮ ಅರಿವಿಗೆ ಬಾರದೆ ನಡೆಯುತ್ತವೆ. ಒಂದೇ ವ್ಯಕ್ತಿಯ ಬಗ್ಗೆ ಒಂದೇ ಹೊತ್ತಿಗೆ ಪರಸ್ಪರ ವಿರುದ್ಧ ಭಾವನೆಗಳು ಇರಬಲ್ಲವು. ಅವುಗಳ ನಡುವೆ ನಾವು ಮಾಡಿಕೊಳ್ಳುವ ರಾಜಿ ನಮಗೇ ಗೊತ್ತಿರದಿರಬಹುದು. ಸ್ವಭಾವದ ಗಟ್ಟಿಯಾದ ಜಾಡುಗಳು ಬಾಲ್ಯದಲ್ಲೇ ಮೂಡತೊಡಗುತ್ತವೆ. ‘ನಾನು ಇಂಥವನು, ಉಳಿದವರು ಇಂಥವರು’ ಎಂಬ ಒಳಚಿತ್ರಗಳು ಇಂದಿನ ಸಂಬಂಧಗಳನ್ನು ನಡೆಸುತ್ತವೆ. ಕೊನೆಯದು, ಬೆಳೆಯುವುದೆಂದರೆ ಕಾಮ ಕೋಪಗಳನ್ನು ನಿಭಾಯಿಸಲು ಕಲಿಯುವುದರ ಜೊತೆಗೆ ಸಂಪೂರ್ಣ ಅವಲಂಬನೆಯಿಂದ ಪರಸ್ಪರ ಅವಲಂಬನೆಗೆ ಬರುವುದು.

ಇಲ್ಲಿ ಫ್ರಾಯ್ಡ್‌ನ ಪರ ಇರುವವರು, ವಿರುದ್ಧ ಇರುವವರು ಇಬ್ಬರೂ ಅವಸರ ಮಾಡುತ್ತಾರೆ. ಅರಿವಿಲ್ಲದೆ ನಡೆಯುವ ಮನೋವ್ಯಾಪಾರ ಪ್ರಯೋಗಾಲಯದಲ್ಲಿ ಚೆನ್ನಾಗಿ ದೃಢಪಟ್ಟಿದೆ ಎಂದ ಮಾತ್ರಕ್ಕೆ, ಸಹಿಸಲಾಗದ್ದನ್ನು ಅರಿವಿನಿಂದ ಹೊರಗೆ ತಳ್ಳುತ್ತೇವೆಂದು ಫ್ರಾಯ್ಡ್ ಹೇಳಿದ ದಮನವೂ ಅದೇ ರೂಪದಲ್ಲಿ ದೃಢಪಟ್ಟಂತಾಗುವುದಿಲ್ಲ. ಹಾಗೆಯೇ, ಒಂದು ಹಳೆಯ ವಾದ ಬಿದ್ದುಹೋಯಿತು ಎಂದ ಮಾತ್ರಕ್ಕೆ ಅದರಿಂದ ಹುಟ್ಟಿದ ಚಿಕಿತ್ಸೆ ನಿಷ್ಪ್ರಯೋಜಕವೆಂದೂ ಆಗುವುದಿಲ್ಲ. ಚಿಕಿತ್ಸೆ ಫಲ ಕೊಡುತ್ತದೆಯೇ ಎನ್ನುವುದನ್ನು ಬೇರೆಯಾಗಿಯೇ ಅಳೆಯಬೇಕು. ಆ ಅಂಕಿಗಳಿಗೆ ಮುಂದೆ ಬರುತ್ತೇನೆ.

ಇದ್, ಈಗೋ, ಸೂಪರ್ ಈಗೋ ಬಗ್ಗೆ ನೀವು ಖಂಡಿತ ಓದಿರುತ್ತೀರಿ. 1923ರಲ್ಲಿ ಬಂದ ಆ ಮೂರು ಹೆಸರುಗಳಿಗಾಗಿ ಮೆದುಳಿನಲ್ಲಿ ಜಾಗ ಹುಡುಕಬೇಕಿಲ್ಲ. ಬಯಸುವುದು, ನಿಭಾಯಿಸುವುದು, ಗದರಿಸುವುದು ಎಂಬ ಮೂರು ಬಗೆಯ ಕೆಲಸಗಳಿಗೆ ಇಟ್ಟ ಹೆಸರುಗಳು ಅವು. ನಿಮ್ಮ ವಿಷಯಕ್ಕೆ ಹೆಚ್ಚು ಬೇಕಾದದ್ದು ಮೂರು ವರ್ಷದ ನಂತರ, 1926ರಲ್ಲಿ ಫ್ರಾಯ್ಡ್ ಮಾಡಿಕೊಂಡ ತಿದ್ದುಪಡಿ. ಅದುವರೆಗೆ ಆತ, ಅದುಮಿಟ್ಟ ಬಯಕೆಯೇ ಆತಂಕವಾಗಿ ಮಾರ್ಪಡುತ್ತದೆ ಎನ್ನುತ್ತಿದ್ದ. ಆಮೇಲೆ ಅದನ್ನು ತಿರುಗಿಸಿದ: ಆತಂಕ ಮೊದಲು ಬರುತ್ತದೆ, ಅದೊಂದು ಮುನ್ಸೂಚನೆ. ಯಾವುದೋ ಭಾವನೆ ಮೇಲೆದ್ದು ಬರುತ್ತಿದೆ, ಅದು ಬಂದರೆ ಅಪಾಯ ಎಂದು ಮನಸ್ಸು ಮೊದಲೇ ಕೂಗಿ ಹೇಳುತ್ತದೆ. ಆ ಕೂಗಿಗೆ ಉತ್ತರವಾಗಿ ರಕ್ಷಣಾ ತಂತ್ರಗಳು ಕೆಲಸ ಶುರು ಮಾಡುತ್ತವೆ.

ಹೊಗಳಿಕೆಯಿಂದ ರಾಜೀನಾಮೆಯವರೆಗೆ

ಈ ಕ್ರಮವನ್ನು ಮನೋಚಿಕಿತ್ಸಕ ಡೇವಿಡ್ ಮಲಾನ್ 1979ರಲ್ಲಿ ತ್ರಿಕೋನವಾಗಿ ಬರೆದು ತೋರಿಸಿದರು. ಇವತ್ತಿಗೂ ತರಬೇತಿಯಲ್ಲಿ ಅದನ್ನೇ ಕಲಿಸುತ್ತಾರೆ. ಒಂದು ಮೂಲೆಯಲ್ಲಿ ಮುಚ್ಚಿಟ್ಟ ಭಾವನೆ, ಇನ್ನೊಂದರಲ್ಲಿ ಆತಂಕ, ಮೂರನೆಯದರಲ್ಲಿ ರಕ್ಷಣಾ ತಂತ್ರ. ನಿಮ್ಮ ಪತ್ರವನ್ನು ಇದಕ್ಕೆ ಹೊಂದಿಸಿ ನೋಡಿ. ಕಸಿವಿಸಿ ಎಂದಿರಲ್ಲ, ಅದು ಆತಂಕದ ಮೂಲೆ. ತಡವಾಗಿ ಹೋಗುವುದು, ತಪ್ಪು ಮಾಡುವುದು, ಜಗಳ ತೆಗೆಯುವುದು ರಕ್ಷಣೆಯ ಮೂಲೆ. ಇವೆರಡನ್ನೂ ನೀವೇ ಸ್ಪಷ್ಟವಾಗಿ ಬರೆದಿದ್ದೀರಿ. ಮೂರನೆಯ ಮೂಲೆ ಖಾಲಿ ಇದೆ. ಹೊಗಳಿಸಿಕೊಂಡ ಆ ಕ್ಷಣದಲ್ಲಿ ಮೇಲೇಳಲು ನೋಡಿದ ಭಾವನೆ ಯಾವುದು?

ಪತ್ರ ಓದಿ ಅದನ್ನು ಹೇಳಲಾಗದು. ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಆದರೆ ಈ ಬಗೆಯ ಪುನರಾವರ್ತನೆಯ ಹಿಂದೆ ಸಾಮಾನ್ಯವಾಗಿ ಏನೇನು ಕಂಡುಬರುತ್ತದೆ ಎಂದು ಹೇಳಬಹುದು. ಕೆಲವರಿಗೆ ಮುಂದೆ ಹೋಗುವುದೆಂದರೆ ಯಾರನ್ನೋ ಹಿಂದೆ ಬಿಟ್ಟಂತೆ: ಓದಿನಲ್ಲಿ ಹಿಂದುಳಿದ ಅಣ್ಣನನ್ನೋ, ತನ್ನ ಬದುಕಿನಲ್ಲಿ ಏನೂ ಸಾಧಿಸಲಾಗದೆ ನೊಂದ ತಾಯಿಯನ್ನೋ. ಅಲ್ಲಿ ಮೇಲೇಳುವುದು ಗೆದ್ದ ಖುಷಿ, ಅದರ ಬೆನ್ನಿಗೇ ಪಾಪಪ್ರಜ್ಞೆ. ಇನ್ನು ಕೆಲವರು ಹೊಗಳಿಕೆಯ ಜೊತೆಗೇ ಮುಂದಿನ ಬೇಡಿಕೆಯನ್ನೂ ಕೇಳಿ ಬೆಳೆದಿರುತ್ತಾರೆ. ‘ಶಾಭಾಸ್’ ಎಂದರೆ ಅವರಿಗೆ ಕೇಳಿಸುವುದು ‘ಇನ್ನು ಮುಂದೆ ಇದಕ್ಕಿಂತ ಕಡಿಮೆಯಾದರೆ ನೋಡು’ ಎಂದು. ಅಲ್ಲಿ ಅದುಮಿಟ್ಟದ್ದು ಸಿಟ್ಟು. ಮತ್ತೆ ಕೆಲವರಿಗೆ ಮೆಚ್ಚುಗೆಗಿಂತ ಹತ್ತಿರವಾಗುವುದೇ ಭಯ. ಹತ್ತಿರ ಬಂದವರು ಒಂದು ದಿನ ಕೈಬಿಡುತ್ತಾರೆ, ಅದಕ್ಕೆ ಮೊದಲು ನಾನೇ ಹೊರಟುಬಿಟ್ಟರೆ ವಾಸಿ ಎನ್ನುವ ಲೆಕ್ಕ. ನಿಮ್ಮ ಪ್ರೇಮ ಸಂಬಂಧಗಳೂ ಹೀಗೆಯೇ ಮುರಿದವು ಎಂದದ್ದರಿಂದ ಈ ಮೂರನೆಯದರ ಬಗ್ಗೆ ಥೆರಪಿಸ್ಟ್ ಯೋಚಿಸುತ್ತಿರಬಹುದು. ಯೋಚಿಸುತ್ತಿರಬಹುದು ಅಷ್ಟೇ. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ, ಒಳಗಿನ ದಾರಿಗಳು ಬೇರೆಬೇರೆ. ‘ಸಮಯಕ್ಕೆ ಸರಿಯಾಗಿ ಹೋಗಿ, ಜಗಳ ಮಾಡಬೇಡಿ’ ಎಂಬ ಸಲಹೆ ಕೊಟ್ಟರೆ ಮೂವರಲ್ಲಿ ಯಾರಿಗೂ ಅದು ನಾಟುವುದಿಲ್ಲ. ಥೆರಪಿಸ್ಟ್ ಸಲಹೆ ಕೊಡದಿರುವುದಕ್ಕೆ ಇದೂ ಒಂದು ಕಾರಣ.

ಮೂರರಲ್ಲಿ ಯಾವುದು, ಅಥವಾ ನಾಲ್ಕನೆಯದೊಂದು ಇದೆಯೇ ಎಂದು ಪತ್ತೆಹಚ್ಚುವುದು ಹೇಗೆ? ಸೆಷನ್ನಿನ ಒಂದು ನಿಮಿಷವನ್ನು ಹತ್ತಿರದಿಂದ ನೋಡೋಣ. ನೀವು ಹೇಳುತ್ತೀರಿ: ‘ಮ್ಯಾನೇಜರ್ ಎಲ್ಲರ ಮುಂದೆ ನನ್ನ ವರದಿಯನ್ನು ಹೊಗಳಿದರು.’ ಹೇಳುತ್ತಾ ನಗುತ್ತೀರಿ, ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತೀರಿ, ಉಸಿರು ಮೇಲೆಯೇ ನಿಲ್ಲುತ್ತದೆ. ಮರುಕ್ಷಣವೇ ‘ಅದಿರಲಿ ಬಿಡಿ, ನಿನ್ನೆ ಬಸ್ಸೇ ಸಿಗಲಿಲ್ಲ’ ಎಂದು ಹೊರಳಿಕೊಳ್ಳುತ್ತೀರಿ. ಸುಮ್ಮನೆ ಕೂತಂತೆ ಕಾಣುವ ಥೆರಪಿಸ್ಟ್ ನಾಲ್ಕನ್ನೂ ಗಮನಿಸಿರುತ್ತಾರೆ. ನುರಿತವರು ಇಲ್ಲಿ ಭಾಷಣ ಬಿಗಿಯುವುದಿಲ್ಲ, ಒಂದೇ ವಾಕ್ಯ ಹೇಳುತ್ತಾರೆ: ‘ಹೊಗಳಿಕೆಯ ಮಾತು ಬಂದ ಕೂಡಲೇ ಬಸ್ಸಿನ ಮಾತು ಬಂತು. ನಡುವೆ ಏನಾಯಿತು?’ ನೀವು ‘ಏನಿಲ್ಲ’ ಅನ್ನಬಹುದು. ಅಥವಾ ಇದ್ದಕ್ಕಿದ್ದಂತೆ ಯಾರದೋ ಮುಖ, ಯಾವುದೋ ಹಳೆಯ ಮಾತು ತಲೆಗೆ ಬರಬಹುದು. ಮನಸ್ಸಿಗೆ ಬಂದದ್ದನ್ನು ಸೋಸದೆ ಹೇಳಿ ಎಂದು ಈ ಪದ್ಧತಿಯಲ್ಲಿ ಕೇಳುವುದು ಅದಕ್ಕಾಗಿ. ಸಂಬಂಧವಿಲ್ಲದ್ದು, ಹೇಳಲು ನಾಚಿಕೆಯಾಗುವುದು, ‘ಇದೆಂಥ ಪೆದ್ದುತನ’ ಎನಿಸಿದ್ದು, ಇವೇ ಸಾಮಾನ್ಯವಾಗಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ರಕ್ಷಣಾ ತಂತ್ರ ಎಂದ ಕೂಡಲೇ ಅದನ್ನು ರೋಗವೆಂದು ತಿಳಿಯಬೇಡಿ. ಅದಿಲ್ಲದ ಮನುಷ್ಯರಿಲ್ಲ. ಫ್ರಾಯ್ಡ್‌ನ ಮಗಳು ಅನ್ನಾ ಫ್ರಾಯ್ಡ್ 1936ರಲ್ಲಿ ಇವುಗಳನ್ನು ಒಟ್ಟಿಗೆ ತಂದು ವಿವರಿಸಿದರು. ನಂತರ ಮನೋವೈದ್ಯ ಜಾರ್ಜ್ ವೇಲೆಂಟ್ ಅವನ್ನು ಪಕ್ವತೆಯ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದರು. ಕಣ್ಣೆದುರಿನದನ್ನೇ ಇಲ್ಲವೆನ್ನುವ ನಿರಾಕರಣೆ, ತನ್ನೊಳಗಿನ ಸಿಟ್ಟನ್ನು ಎದುರಿನವರಲ್ಲಿ ಕಾಣುವ ಪ್ರಕ್ಷೇಪಣೆ ಕೆಳಗಿನ ಮಟ್ಟದವು. ಮೇಲಧಿಕಾರಿ ಮೇಲಿನ ಕೋಪವನ್ನು ಮನೆಯವರ ಮೇಲೆ ತೀರಿಸುವ ಸ್ಥಾನಪಲ್ಲಟ ನಡುವಿನದು. ಹಾಸ್ಯ, ದುಗುಡವನ್ನು ಕೆಲಸಕ್ಕೋ ಕಲೆಗೋ ಹರಿಸುವ ಉದಾತ್ತೀಕರಣ ಮೇಲಿನವು. ನಿಮ್ಮ ‘ಮೊದಲೇ ಬಿಟ್ಟು ಹೋಗುವುದು’ ಯಾವತ್ತೋ ಒಂದು ಕಾಲಕ್ಕೆ ನಿಮ್ಮನ್ನು ಕಾಪಾಡಿರಬಹುದು. ಆ ಕಾಲ ಕಳೆದಿದೆ, ತಂತ್ರ ಮಾತ್ರ ಉಳಿದುಕೊಂಡು ಈಗ ದುಬಾರಿಯಾಗಿದೆ. ಅದನ್ನು ಏಕಾಏಕಿ ಕಿತ್ತೆಸೆಯಲು ಹೋದರೆ ಅದು ತಡೆದಿಟ್ಟಿದ್ದ ಆತಂಕ ಒಮ್ಮೆಲೇ ನುಗ್ಗುತ್ತದೆ. ಅವಸರದ ಥೆರಪಿಸ್ಟ್‌ಗಳು ಎಡವುವುದು ಇಲ್ಲೇ. ಮೂರನೆಯ ಸೆಷನ್ನಿಗೇ ‘ನಿಮಗೆ ತಂದೆಯ ಮೇಲೆ ಸಿಟ್ಟಿದೆ’ ಎಂದು ಘೋಷಿಸಿದರೆ, ಅದು ನಿಜವೇ ಆಗಿದ್ದರೂ ಕೇಳುವವರಿಗೆ ಆರೋಪವಾಗಿ ಕೇಳಿಸುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ.

ಗಡಿಯಾರ ನೋಡಿದ್ದು, ಸಿಟ್ಟು ಬಂದದ್ದು

ಮಲಾನ್ ಎರಡನೆಯ ತ್ರಿಕೋನವನ್ನೂ ಬರೆದರು. ಇಂದಿನ ಬದುಕಿನ ವ್ಯಕ್ತಿಗಳು, ಹಿಂದಿನ ಬದುಕಿನ ವ್ಯಕ್ತಿಗಳು, ಥೆರಪಿಸ್ಟ್, ಈ ಮೂವರ ಜೊತೆಗೂ ನಾವು ಹೆಚ್ಚುಕಡಿಮೆ ಒಂದೇ ಆಟ ಆಡುತ್ತೇವೆ ಎನ್ನುವುದು ಅದರ ಸಾರ. ಹಳೆಯ ಸಂಬಂಧದ ನಿರೀಕ್ಷೆ, ಭಯ, ಮುನಿಸುಗಳು ಥೆರಪಿಸ್ಟ್ ಮೇಲೆ ಬಂದು ಕೂರುವುದನ್ನು ಟ್ರಾನ್ಸ್‌ಫರೆನ್ಸ್ ಎನ್ನುತ್ತಾರೆ. ಉಳಿದ ಚಿಕಿತ್ಸೆಗಳಲ್ಲೂ ಇದು ಆಗುತ್ತದೆ. ಸೈಕೋಡೈನಮಿಕ್ ಪದ್ಧತಿಯಲ್ಲಿ ಇದನ್ನೇ ಎತ್ತಿಕೊಂಡು ಕೆಲಸ ಮಾಡುತ್ತಾರೆ, ಯಾಕೆಂದರೆ ಆಫೀಸಿನ ಜಗಳವನ್ನು ಕೇಳಿ ತಿಳಿಯಬೇಕು, ಇದಾದರೆ ಇಬ್ಬರ ಕಣ್ಣೆದುರೇ ನಡೆಯುತ್ತದೆ.

ಈಗ ನಿಮ್ಮ ಆ ಸಂಜೆಯನ್ನು ನೋಡಿ. ಏಳು ಸೆಷನ್ನಿನಲ್ಲಿ ಒಂದು ಮಟ್ಟದ ಹತ್ತಿರ ಬೆಳೆದಿತ್ತು. ಅವರು ಗಡಿಯಾರ ನೋಡಿದರು. ನಿಮಗೆ ಸಿಟ್ಟು ಬಂತು, ಬಾಯಿ ಬಿಡಲಿಲ್ಲ, ಹೊರಗೆ ಬಂದು ಅತ್ತಿರಿ, ಮುಂದಿನದನ್ನು ರದ್ದು ಮಾಡಿದಿರಿ. ಐದು ಕೆಲಸಗಳಲ್ಲಿ ತಿಂಗಳುಗಟ್ಟಲೆ ಹಿಡಿದದ್ದು ಇಲ್ಲಿ ಒಂದೇ ವಾರದಲ್ಲಿ ನಡೆದಿದೆ, ಒಂದೇ ಒಂದು ವ್ಯತ್ಯಾಸದೊಂದಿಗೆ: ಇಲ್ಲಿ ರಾಜೀನಾಮೆಯ ಬಗ್ಗೆ ಮಾತಾಡಲು ಎದುರಿನವರು ತಯಾರಾಗಿ ಕೂತಿರುತ್ತಾರೆ.

ಹಾಗೆಂದು ತಪ್ಪೆಲ್ಲ ನಿಮ್ಮ ಮನಸ್ಸಿನದೇ ಎಂದು ನಾನು ಹೇಳುತ್ತಿಲ್ಲ. 50 ನಿಮಿಷಕ್ಕೆ ಮುಗಿಸಬೇಕಾದವರು ಗಡಿಯಾರ ನೋಡಲೇಬೇಕು, ಆದರೆ ಅದನ್ನು ನಾಜೂಕಾಗಿ ನೋಡುವುದೂ ಕಸುಬಿನ ಭಾಗ. ಚಿಕಿತ್ಸೆಗೆ ಬಂದವರ ತಲೆಯ ಹಿಂದಿನ ಗೋಡೆಗೆ ಗಡಿಯಾರ ಹಾಕಿಕೊಳ್ಳುವುದು ಅದಕ್ಕೇ. ಅವರು ಆ ಹೊತ್ತಿಗೆ ನಿಜಕ್ಕೂ ಬೇಸತ್ತಿರಲೂಬಹುದು. ಒಳ್ಳೆಯ ಥೆರಪಿಸ್ಟ್ ಮೊದಲು ನಡೆದದ್ದನ್ನು ಒಪ್ಪಿಕೊಳ್ಳುತ್ತಾರೆ, ಆಮೇಲೆ ಅದು ನಿಮಗೆ ಏನಾಗಿ ತಟ್ಟಿತು ಎಂದು ಕೇಳುತ್ತಾರೆ. ಮೊದಲನೆಯದನ್ನು ಹಾರಿಸಿ ನೇರ ಎರಡನೆಯದಕ್ಕೆ ಹೋಗುವುದು, ಪ್ರತಿ ದೂರನ್ನೂ ‘ಅದು ನಿಮ್ಮ ಬಾಲ್ಯದ ಸಮಸ್ಯೆ’ ಎಂದು ತಿರುಗಿಸುವುದು ಕೆಟ್ಟ ಕೆಲಸ. ಸಿದ್ಧಾಂತವನ್ನು ಗುರಾಣಿ ಮಾಡಿಕೊಂಡಂತೆ.

ಮೌನದ ವಿಷಯವೂ ಹಾಗೆಯೇ. ನೀವು ಏನನ್ನೋ ಹುಡುಕುತ್ತಿರುವಾಗ ಅರ್ಧ ನಿಮಿಷ, ಒಂದು ನಿಮಿಷ ಸುಮ್ಮನಿರುವುದು ಸಹಾಯ ಮಾಡುತ್ತದೆ. ನೀವು ಹೆದರಿ ಮರಗಟ್ಟಿ ಕೂತಾಗಲೂ ಸುಮ್ಮನಿರುವುದು ಸಹಾಯವಲ್ಲ. ಇವತ್ತಿನ ಸೈಕೋಡೈನಮಿಕ್ ಥೆರಪಿಸ್ಟ್ ಕಲ್ಲಿನಂತೆ ಕೂರಬೇಕೆಂಬ ನಿಯಮ ಎಲ್ಲೂ ಇಲ್ಲ. ಅಲ್ಪಾವಧಿಯ ಚಿಕಿತ್ಸೆಗಳಲ್ಲಂತೂ ಅವರು ಸಾಕಷ್ಟು ಮಾತಾಡುತ್ತಾರೆ.

ಅಪ್ಪ ಅಮ್ಮ, ಮತ್ತು ನೆನಪಿಲ್ಲದ ಆಘಾತ

ತಂದೆತಾಯಿಯನ್ನು ಕಟಕಟೆಗೆ ತರುವುದು ಈ ಚಿಕಿತ್ಸೆಯ ಗುರಿಯಲ್ಲ. ಅವರು ನಿಜವಾಗಿ ಹೇಗಿದ್ದರು ಎಂದು ತೀರ್ಪು ಕೊಡುವ ಸಾಮರ್ಥ್ಯವೂ ಥೆರಪಿಸ್ಟ್‌ಗೆ ಇಲ್ಲ. ಅವರಿಗೆ ಸಿಗುವುದು ನಿಮ್ಮೊಳಗಿನ ಅಪ್ಪ ಅಮ್ಮಂದಿರ ಚಿತ್ರ ಮಾತ್ರ. ತಾಯಿ ಪರಿಪೂರ್ಣಳಾಗಬೇಕಿಲ್ಲ, ‘ಸಾಕಷ್ಟು ಒಳ್ಳೆಯವಳಾದರೆ’ ಸಾಕು ಎಂದು ವಿನಿಕಾಟ್ ಹೇಳಿದ್ದು ಇದೇ ಪರಂಪರೆಯಲ್ಲಿ. ಪ್ರೀತಿಯಿಂದ ಬೆಳೆಸಿದ ಮನೆಯಲ್ಲೂ ದೀರ್ಘಕಾಲದ ಕಾಯಿಲೆ, ಸಾವು, ತಮ್ಮನೋ ತಂಗಿಯೋ ಹುಟ್ಟಿದ್ದು, ಇಬ್ಬರೂ ದುಡಿಯಲೇಬೇಕಾದ ಅನಿವಾರ್ಯ, ಹೀಗೆ ಯಾರ ತಪ್ಪೂ ಇಲ್ಲದ ಕಾರಣಗಳಿಂದ ಮಗು ತನ್ನದೇ ತೀರ್ಮಾನಗಳಿಗೆ ಬಂದಿರುತ್ತದೆ. ಅಪ್ಪ ಅಮ್ಮನ ಬಗ್ಗೆ ಪ್ರೀತಿ, ಕೃತಜ್ಞತೆ, ಅಸಮಾಧಾನ ಮೂರೂ ಒಟ್ಟಿಗೆ ಇರಬಹುದು. ಮೂರನೆಯದನ್ನು ಹೇಳಿಕೊಂಡರೆ ಮೊದಲ ಎರಡು ಸುಳ್ಳಾಗುವುದಿಲ್ಲ.

ಹಿಪ್ನಾಟಿಸಂ ಬೇಡವೇ ಬೇಡ. ಮರೆತುಹೋದ ಒಂದು ಘೋರ ಘಟನೆ ಎಲ್ಲೋ ಹೂತಿರುತ್ತದೆ, ಅದನ್ನು ಅಗೆದು ತೆಗೆದರೆ ಕಾಯಿಲೆ ಮಾಯ ಎನ್ನುವುದು ಸಿನಿಮಾದ ಮನಶ್ಶಾಸ್ತ್ರ. ಫ್ರಾಯ್ಡ್ ಸ್ವತಃ 1890ರ ದಶಕದಲ್ಲೇ ಹಿಪ್ನಾಟಿಸಂ ಬಿಟ್ಟ. ನೆನಪುಗಳನ್ನು ಒತ್ತಾಯದಿಂದ ಹುಡುಕಿದರೆ ಇಲ್ಲದ ನೆನಪೇ ಹುಟ್ಟಿಕೊಳ್ಳುವ ಅಪಾಯವಿದೆ. 1995ರಲ್ಲಿ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್‌ರೆಲ್ 24 ಜನರಿಗೆ, ನೀವು ಚಿಕ್ಕಂದಿನಲ್ಲಿ ಶಾಪಿಂಗ್ ಮಾಲಿನಲ್ಲಿ ಕಳೆದುಹೋಗಿದ್ದಿರಿ ಎಂಬ ಕಟ್ಟುಕಥೆಯನ್ನು ನಿಜವಾದ ಘಟನೆಗಳ ಜೊತೆ ಸೇರಿಸಿ ಕೊಟ್ಟರು. ಸುಮಾರು ಕಾಲು ಭಾಗದಷ್ಟು ಜನ ಅದು ಪೂರ್ತಿಯಾಗಿಯೋ ಅರೆಬರೆಯಾಗಿಯೋ ನೆನಪಿದೆ ಎಂದರು. ಆದ್ದರಿಂದ ‘ನಿಮಗೆ ಖಂಡಿತ ಏನೋ ಆಗಿದೆ, ನೆನಪು ಮಾಡಿಕೊಳ್ಳಿ’ ಎಂದು ಯಾವ ಥೆರಪಿಸ್ಟ್ ಒತ್ತಾಯಿಸಿದರೂ ಎದ್ದು ಬನ್ನಿ.

ನೆನಪಿಲ್ಲದಿರುವುದು ಈ ಚಿಕಿತ್ಸೆಗೆ ಅಡ್ಡಿಯೂ ಅಲ್ಲ. ನಡೆಯುವುದು, ಮಾತಾಡುವುದು ಹೇಗೆ ಕಲಿತೆವೆಂಬ ನೆನಪಿಲ್ಲದೆಯೇ ನಡೆಯುತ್ತೇವೆ, ಮಾತಾಡುತ್ತೇವೆ. ಸಂಬಂಧಗಳನ್ನು ನಡೆಸುವ ರೀತಿಯಲ್ಲಿ ಬಹಳಷ್ಟು ಕೂಡ ಹಾಗೆಯೇ ಕಲಿತದ್ದು. ಅದು ಘಟನೆಯಾಗಿ ನೆನಪಿಗೆ ಬಾರದಿದ್ದರೂ ನಡವಳಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಮುಂದಿರುವ ದಾರಿಗಳು

ಸಿಬಿಟಿ ಒಳ್ಳೆಯ ಚಿಕಿತ್ಸೆ, ಅದಕ್ಕೆ ಹೋಗುವುದರಲ್ಲಿ ತಪ್ಪಿಲ್ಲ. ಖಿನ್ನತೆಗೆ ಎರಡರಲ್ಲಿ ಯಾವುದು ಮೇಲು ಎಂದು 2013ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದು 341 ಜನರಲ್ಲಿ, ತಲಾ 16 ಸೆಷನ್ ಕೊಟ್ಟು ಹೋಲಿಸಿತು. ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಎರಡೂ ಕಡೆಯವರು ಅಷ್ಟಾಗಿ ಎತ್ತುವುದಿಲ್ಲ: ಚಿಕಿತ್ಸೆ ಮುಗಿದಾಗ ರೋಗಲಕ್ಷಣ ಪೂರ್ತಿ ಇಳಿದವರು ಸರಾಸರಿ 23% ಮಾತ್ರ. ಹದಿನಾರು ಸೆಷನ್ ಹಲವರಿಗೆ ಸಾಲದು. 2015ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಅಧ್ಯಯನ, ಹಲವು ಚಿಕಿತ್ಸೆಗಳಿಗೂ ಬಗ್ಗದ ಖಿನ್ನತೆಯಿದ್ದ 129 ಜನರನ್ನು ತೆಗೆದುಕೊಂಡಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆ 18 ತಿಂಗಳು ವಾರಕ್ಕೊಮ್ಮೆ ಮನೋವಿಶ್ಲೇಷಣಾತ್ಮಕ ಥೆರಪಿ, ಇನ್ನೊಂದಕ್ಕೆ ಎಂದಿನ ಚಿಕಿತ್ಸೆ ಮಾತ್ರ. ಥೆರಪಿ ಮುಗಿದಾಗ ಎರಡೂ ಗುಂಪಿಗೆ ದೊಡ್ಡ ಅಂತರವಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ನೋಡಿದರೆ, ತೀವ್ರ ಖಿನ್ನತೆಯ ಮಾನದಂಡದಿಂದ ಹೊರಬಂದವರು ಮೊದಲ ಗುಂಪಿನಲ್ಲಿ 44%, ಎರಡನೆಯದರಲ್ಲಿ 10%. ಪೂರ್ತಿ ಗುಣ ಎರಡರಲ್ಲೂ ಅಪರೂಪವೇ. ಅದ್ಭುತವೆನ್ನುವಂತಿಲ್ಲ, ತಳ್ಳಿಹಾಕುವಂತೆಯೂ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ತೊಂದರೆ ಸಂಬಂಧಗಳಲ್ಲಿ ಮತ್ತೆ ಮತ್ತೆ ಮರಳುವ ಒಂದೇ ಜಾಡು ಆಗಿರುವುದರಿಂದ ಸೈಕೋಡೈನಮಿಕ್ ಪದ್ಧತಿ ಇದಕ್ಕೆ ಹೊಂದುತ್ತದೆ. ನಿಮ್ಮದು ಗೀಳು ಕಾಯಿಲೆಯಾಗಿದ್ದರೆ, ಭಯಪಡುವ ವಸ್ತುವನ್ನು ಹಂತಹಂತವಾಗಿ ಎದುರಿಸಿ ಗೀಳಿನ ಕ್ರಿಯೆಯನ್ನು ತಡೆಯುವ ಚಿಕಿತ್ಸೆಗೇ ಕಳಿಸುತ್ತಿದ್ದೆ. ಲಿಫ್ಟ್ ಭಯ, ನಾಯಿ ಭಯದಂಥ ನಿರ್ದಿಷ್ಟ ಫೋಬಿಯಾಗಳಿಗೂ ಹಾಗೆ ಹಂತಹಂತವಾಗಿ ಎದುರಿಸುವುದೇ ದಾರಿ. ಭ್ರಮೆ, ಭ್ರಾಂತಿಗಳಿರುವ ತೀವ್ರ ಹಂತದಲ್ಲಿ, ಕುಡಿತವೋ ಮಾದಕ ವಸ್ತುವೋ ಕೈಮೀರಿರುವಾಗ, ಆತ್ಮಹತ್ಯೆಯ ಯೋಚನೆ ಬಲವಾಗಿರುವಾಗ ಮೊದಲು ಮನೋವೈದ್ಯರ ಆರೈಕೆ, ಸುರಕ್ಷತೆ. ಒಳಮನಸ್ಸಿನ ವಿಚಾರಣೆ ಆಮೇಲೆ.

ಮುಂದುವರಿಸುವುದಾದರೆ ಕಾಲಮಿತಿಯನ್ನು ಮಾತಾಡಿಕೊಳ್ಳಿ. ಅಲ್ಪಾವಧಿ ಎಂದರೆ ಸಾಮಾನ್ಯವಾಗಿ 16ರಿಂದ 24 ಸೆಷನ್, ಕೆಲವು ಕಡೆ 40ರವರೆಗೆ. ಒಂದೇ ವಿಷಯವನ್ನು ಹಿಡಿದು ಹೋಗುವುದು ಅದರ ಕ್ರಮ. ನಿಮ್ಮಲ್ಲಿ ಆ ವಿಷಯ ತಯಾರಾಗಿಯೇ ಇದೆ. ದೀರ್ಘಾವಧಿ ಒಂದು ವರ್ಷ, ಅದಕ್ಕೂ ಮೇಲೆ. ಯಾವುದೇ ಇರಲಿ, ಹತ್ತು ಹನ್ನೆರಡು ಸೆಷನ್ನಿಗೊಮ್ಮೆ ಎಲ್ಲಿಗೆ ಬಂದೆವು ಎಂದು ಇಬ್ಬರೂ ಕೂತು ನೋಡಬೇಕು. ಗುರಿಯಿಲ್ಲದೆ ವರ್ಷಗಟ್ಟಲೆ ಎಳೆಯುವುದು ಈ ಪದ್ಧತಿಗೆ ಅಂಟಿಕೊಂಡು ಬಂದ ದೋಷ, ಅದನ್ನು ಮುಚ್ಚಿಡಬೇಕಿಲ್ಲ.

ಅತ್ತದ್ದನ್ನು ಹಾನಿಯೆಂದು ಎಣಿಸಬೇಡಿ. ಸೆಷನ್ ಆದ ರಾತ್ರಿ, ಮರುದಿನ ಮನಸ್ಸು ಕಲಕಿದಂತಿದ್ದು ತಿಳಿಯಾದರೆ ಅದು ಕೆಲಸ ನಡೆಯುತ್ತಿರುವ ಲಕ್ಷಣವಿರಬಹುದು. ನಿದ್ದೆ, ಊಟ, ಕೆಲಸ ಎರಡು ವಾರ ಸತತವಾಗಿ ಕುಸಿಯುತ್ತಾ ಹೋದರೆ ಅದು ಬೇರೆ. ಥೆರಪಿಸ್ಟ್‌ಗೂ ಮನೋವೈದ್ಯರಿಗೂ ತಿಳಿಸಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅವತ್ತೇ ತಿಳಿಸಿ. ಇನ್ನು ಥೆರಪಿಸ್ಟ್ ಪ್ರಣಯದ ಮಾತಾಡಿದರೆ, ಮೈ ಮುಟ್ಟಿದರೆ, ಹೊರಗೆ ಭೇಟಿಗೆ ಕರೆದರೆ, ಹಣಕಾಸಿನ ವ್ಯವಹಾರ ಶುರು ಮಾಡಿದರೆ ಚರ್ಚೆಗೂ ನಿಲ್ಲಬೇಡಿ, ಬಿಟ್ಟು ಬನ್ನಿ. ಅದಕ್ಕೆ ಟ್ರಾನ್ಸ್‌ಫರೆನ್ಸ್ ಎಂಬ ಹೆಸರಿಲ್ಲ.

ಮುಂದಿನ ಸೆಷನ್ನಿಗೆ ಹೋದಾಗ ವಿಷಯವನ್ನು ಮೊದಲ ಹತ್ತು ನಿಮಿಷದೊಳಗೆ ಎತ್ತಿ. ಬಾಗಿಲ ಬಳಿ ಎದ್ದು ನಿಂತು ಹೇಳಿದರೆ ಅವರಿಗೂ ಏನೂ ಮಾಡಲಾಗದು, ನಿಮಗೆ ಮತ್ತೆ ‘ನೋಡು, ಸಮಯವೇ ಕೊಡಲಿಲ್ಲ’ ಎನಿಸುತ್ತದೆ. ಅಲಂಕಾರ ಬೇಡ: ‘ನೀವು ಗಡಿಯಾರ ನೋಡಿದಿರಿ, ನನಗೆ ಬಹಳ ಸಿಟ್ಟು ಬಂತು, ಅದಕ್ಕೇ ಹೋದ ವಾರ ಬರಲಿಲ್ಲ. ಬಿಟ್ಟುಬಿಡಬೇಕೆಂದೂ ಅನಿಸಿತು.’ ಇಷ್ಟು ಸಾಕು. ಹೇಳುವಾಗ ಎದೆ ಹೊಡೆದುಕೊಂಡರೆ, ಕೈ ಬೆವರಿದರೆ, ಅದನ್ನೂ ಹೇಳಿ; ಆಫೀಸಿನ ಕಸಿವಿಸಿ ಇದೇ ಥರದ್ದೇ ಎಂದು ಹೋಲಿಸಿ ನೋಡಲು ಸಿಗುತ್ತದೆ. ಅವರು ಕುತೂಹಲದಿಂದ ಕೇಳಿದರೆ, ತಮ್ಮ ಪಾಲನ್ನು ಒಪ್ಪಿಕೊಂಡರೆ, ನಿಮ್ಮ ಸಿಟ್ಟನ್ನು ಶಿಕ್ಷೆಯಿಲ್ಲದೆ ತಡೆದುಕೊಂಡರೆ ಇನ್ನೂ ಐದಾರು ಸೆಷನ್ ನೋಡಿ. ಮುಖ ಗಂಟಿಕ್ಕಿದರೆ, ನಿಮ್ಮನ್ನೇ ತಪ್ಪಿತಸ್ಥರನ್ನಾಗಿ ಮಾಡಿದರೆ, ಅಥವಾ ಕೇಳಿಸದವರಂತೆ ಬೇರೆ ವಿಷಯಕ್ಕೆ ಹೋದರೆ, ಇದೇ ಪದ್ಧತಿಯ ಬೇರೊಬ್ಬರನ್ನೋ ಸಿಬಿಟಿಯವರನ್ನೋ ಹುಡುಕಿಕೊಳ್ಳಿ. ಹಾಗೆ ಬಿಡುವಾಗಲೂ ಮುಗಿಸಲೆಂದೇ ಒಂದೆರಡು ಸೆಷನ್ ಇಟ್ಟುಕೊಳ್ಳಿ. ಜಗಳವಿಲ್ಲದೆ, ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಒಂದು ಸಂಬಂಧ ನಿಮ್ಮ ಲೆಕ್ಕದಲ್ಲಿ ಇದುವರೆಗೆ ಇಲ್ಲ.

ಕೊನೆಗೆ ಮಾತ್ರೆ. ಖಿನ್ನತೆಯ ಮಾತ್ರೆ ಥೆರಪಿಗೆ ಅಡ್ಡ ಬರುತ್ತದೆ ಎಂಬುದು ಹಳೆಯ ತಪ್ಪು ತಿಳಿವಳಿಕೆ. ನಿದ್ದೆಯಿಲ್ಲದ, ಏಕಾಗ್ರತೆಯಿಲ್ಲದ ಮನಸ್ಸಿಗೆ 50 ನಿಮಿಷ ತನ್ನೊಳಗೆ ನೋಡಿಕೊಳ್ಳುವುದೇ ಕಷ್ಟ. ಮಾತ್ರೆ ಆ ಮಟ್ಟಿಗೆ ದಾರಿ ಮಾಡಿಕೊಡುತ್ತದೆ. ಎರಡನ್ನೂ ಒಟ್ಟಿಗೆ ಮುಂದುವರಿಸಿ. ಈಗ ಹಠಾತ್ತನೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ, ಸಿಡುಕು, ಅಳು, ಕಣ್ಣಿಗೆ ಕಟ್ಟಿದಂಥ ಕನಸುಗಳು ಬರಬಹುದು. ಥೆರಪಿಯ ನಡುವೆ ಇವು ಬಂದರೆ ಔಷಧ ಬಿಟ್ಟದ್ದರ ಲಕ್ಷಣ ಯಾವುದು, ಮೇಲೆದ್ದ ಭಾವನೆ ಯಾವುದು, ಮರುಕಳಿಸಿದ ಖಿನ್ನತೆ ಯಾವುದು ಎಂದು ನಿಮಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ಯಾವಾಗ ಇಳಿಸಬೇಕೆಂದು ನಿಮ್ಮ ಮನೋವೈದ್ಯರು ಹೇಳಲಿ. ಇಳಿಸುವಾಗ ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಡೋಸ್ ಬದಲಾದ ದಿನಾಂಕವನ್ನು ಥೆರಪಿಸ್ಟ್‌ಗೂ ತಿಳಿಸಿ.